ಮೀನಿಗೆ ಜಾತಿಯಿಲ್ಲ, ಮೀನಿನ ಪಟ್ಟಿಗೆ ಇದೆ

ಮೇ 22ರ ಜೀವವೈವಿಧ್ಯ ದಿನಾಚರಣೆಯ ಫೋಟೋ ಒಂದರ ಕೆಳಗೆ ನಾನು ಒಂದೇ ಸಾಲು ಬರೆದಿದ್ದೆ. "ಈ ಪುಸ್ತಕ ಬರೆಯುವಾಗ ನಮ್ಮ ಕೇರಿಗೆ ಯಾರು ಬಂದಿದ್ರು?" ಅಂತ. ಅಷ್ಟಕ್ಕೇ ಒಬ್ಬ ಹಿರಿಯರು ಇನ್‌ಬಾಕ್ಸಿಗೆ ಬಂದು, "ಎಲ್ಲದಕ್ಕೂ ಜಾತಿ ತರ್ತೀರಲ್ಲ ಮಾರಾಯ್ರೆ, ಮೀನಿಗೂ ಸೊಪ್ಪಿಗೂ ಎಲ್ಲಿಯ ಜಾತಿ?" ಅಂತ ಕೇಳಿದ್ದಾರೆ.

ಅವರು ಕೆಟ್ಟವರಲ್ಲ. ಕಾಡು, ಹೊಳೆ ಅಂದ್ರೆ ನಿಜವಾಗಿ ಸಂಕಟಪಡೋ ಜೀವ. ಅದಕ್ಕೇ ಇನ್‌ಬಾಕ್ಸಲ್ಲಿ ಮುಗಿಸದೆ ಇಲ್ಲಿ ಉದ್ದಕ್ಕೆ ಬರೀತಿದ್ದೀನಿ. ಪುರುಸೊತ್ತು ಇದ್ದವರು ಪೂರ್ತಿ ಓದಿ.

ಮೀನಿಗೆ ಜಾತಿ ಇಲ್ಲ, ಒಪ್ಪಿದೆ ಸಾರ್. ಆದರೆ ಆ ಮೀನನ್ನ ಕೈಯಲ್ಲಿ ಹಿಡಿದವರು ಯಾರು, ಪೆನ್ನು ಹಿಡಿದವರು ಯಾರು, ಕೊನೆಗೆ ಕಾಗದದ ಮೇಲೆ ಯಾರ ಹೆಸರು ಉಳೀತು ಅಂತ ಕೇಳಿದ ತಕ್ಷಣ ಜಾತಿ ತಾನಾಗೇ ಎದ್ದು ಬಂದು ನಿಲ್ಲುತ್ತೆ. ನಾನು ತರಬೇಕಾಗಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 2002ರಲ್ಲಿ ಜೀವವೈವಿಧ್ಯ ಕಾಯ್ದೆ ಬಂತು. ಅದರ 41ನೇ ಕಲಂ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆ, ಅಂದ್ರೆ ನಮ್ಮ ನಿಮ್ಮ ಗ್ರಾಮ ಪಂಚಾಯ್ತಿನೂ ಸೇರಿ, ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಮಾಡಬೇಕು. ಆ ಸಮಿತಿಯ ಮುಖ್ಯ ಕೆಲಸ ಊರಿನ ಜನರ ಜೊತೆ ಸಮಾಲೋಚಿಸಿ 'ಜನತಾ ಜೀವವೈವಿಧ್ಯ ದಾಖಲಾತಿ' ತಯಾರು ಮಾಡೋದು ಅಂತ 2004ರ ನಿಯಮದಲ್ಲೇ ಬರೆದಿತ್ತು. ಊರಲ್ಲಿ ಯಾವ ಮರ, ಯಾವ ಸೊಪ್ಪು, ಯಾವ ಭತ್ತದ ತಳಿ, ಯಾವ ಮೀನು. ಅದರ ಉಪಯೋಗ ಏನು, ಬಲ್ಲವರು ಯಾರು, ಮೊದಲು ಎಷ್ಟಿತ್ತು, ಈಗ ಎಷ್ಟಿದೆ. ಈ ಕಲ್ಪನೆ ಮೊದಲು ಮೊಳೆತದ್ದು 1990ರ ದಶಕದಲ್ಲಿ, ಮಾಧವ ಗಾಡ್ಗೀಳ್ ಮತ್ತವರ ಸಂಗಡಿಗರ ತಲೆಯಲ್ಲಿ. ಶಾಲೆ ಮೆಟ್ಟಿಲು ಹತ್ತದವರ ತಲೆಯೊಳಗೆ ಇರೋದೂ ವಿಜ್ಞಾನವೇ, ಅದನ್ನ ಅವರ ಹೆಸರಲ್ಲೇ ಬರೆದಿಡಬೇಕು ಅನ್ನೋದು ಅದರ ತಿರುಳು. ಚೆಂದದ ಕಲ್ಪನೆ. ನನಗೆ ಅದರ ಮೇಲೆ ಒಂಚೂರೂ ಸಿಟ್ಟಿಲ್ಲ.

ಆಮೇಲೆ ಏನಾಯ್ತು ಅಂದ್ರೆ, ವರ್ಷಗಟ್ಟಲೆ ಹೆಚ್ಚಿನ ಕಡೆ ಯಾರೂ ಬರೀಲೇ ಇಲ್ಲ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಅರ್ಜಿ ಹೋಯ್ತು. 2019ರ ಆಗಸ್ಟಲ್ಲಿ ನ್ಯಾಯಮಂಡಳಿ ಹೇಳಿತು: 2020ರ ಜನವರಿ 31ರ ಒಳಗೆ ಎಲ್ಲಾ ಪಂಚಾಯ್ತಿಗಳಲ್ಲೂ ಸಮಿತಿ ಆಗಬೇಕು, ದಾಖಲಾತಿ ಮುಗೀಬೇಕು, ತಪ್ಪಿದ ರಾಜ್ಯಕ್ಕೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ. ಈಗ ದೇಶದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ದಾಖಲಾತಿ ಪುಸ್ತಕ ಇವೆ.

ನಾನು ಬಿಎ ಓದಿ ಆಫೀಸಲ್ಲಿ ಗುಮಾಸ್ತನಾಗಿರೋನು. ಮೇಲಿಂದ "ಇಂಥ ತಾರೀಖಿನೊಳಗೆ" ಅಂತ ಕಾಗದ ಬಂದ್ರೆ ಕೆಳಗೆ ಏನು ನಡೆಯುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಪಕ್ಕದ ಊರಿನ ಫೈಲ್ ತರಿಸ್ತೀವಿ, ಊರಿನ ಹೆಸರು ಬದಲಿಸ್ತೀವಿ, ಸೀಲ್ ಹೊಡಿತೀವಿ.

ನಮ್ಮ ಸುತ್ತಿನ ಒಂದು ಪಂಚಾಯ್ತಿಯ ದಾಖಲಾತಿಯನ್ನ ನಾನು ಕೈಯಲ್ಲಿ ಹಿಡಿದು ಓದಿದ್ದೀನಿ. ಯಾವುದು ಅಂತ ಹೇಳಲ್ಲ. ಹೇಳಿದ್ರೆ ಅಲ್ಲಿಯ ಪಿಡಿಒ ಒಬ್ಬರ ತಲೆಗೆ ಕಟ್ಟಿ ಉಳಿದವರೆಲ್ಲ ಕೈ ತೊಳ್ಕೊಂಡುಬಿಡ್ತಾರೆ. ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕ. ಬೈಂಡಿಂಗ್ ಚೆನ್ನಾಗಿದೆ, ಮುಖಪುಟದಲ್ಲಿ ಬಣ್ಣದ ಹಕ್ಕಿ ಇದೆ. ಮೀನಿನ ಪುಟ ತೆಗೆದೆ. ಮೊದಲ ಹೆಸರು ಕಾಟ್ಲಾ, ಎರಡನೆಯದು ರೋಹು! ಮಾರಾಯ್ರೆ, ಇವು ಗಂಗಾ ಬಯಲಿನ ಮೀನು. ಮರಿ ತಂದು ಕೆರೆಗೆ ಬಿಟ್ಟು ಸಾಕೋವು. ಸಂತೆಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುತ್ತೆ ಅಂತ ನಮ್ಮ ಹಳ್ಳದ ಜೀವವೈವಿಧ್ಯ ಆಗಿಬಿಡುತ್ತಾ? ಅದೇ ಪುಟದಲ್ಲಿ 'ಜ್ಞಾನ ಹೊಂದಿರುವ ವ್ಯಕ್ತಿ ಅಥವಾ ಸಮುದಾಯ' ಅನ್ನೋ ಕಾಲಂ ಇದೆ. ಅದರಲ್ಲಿ ಮೇಲಿಂದ ಕೆಳಗಿನವರೆಗೂ ಒಂದೇ ಪದ: ಸ್ಥಳೀಯರು. ಕೆಲವು ಕಡೆ ಅದೂ ಇಲ್ಲ, ಒಂದು ಗೆರೆ.

ಹಣ್ಣಿನ ಪುಟಕ್ಕೆ ಬಂದ್ರೆ ಆ ಗೆರೆ ಮಾಯ. ಅಪ್ಪೆಮಿಡಿಯ ಮರ ಯಾರ ಹಿತ್ತಲಲ್ಲಿದೆ, ಯಾರ ತೋಟದ ಅಂಚಲ್ಲಿದೆ, ಯಜಮಾನರ ಹೆಸರು ಇನಿಷಿಯಲ್ ಸಮೇತ ಇದೆ. ಮರ ಇದ್ದವರಿಗೆ ಹೆಸರು, ಹೊಳೆ ಬಲ್ಲವರಿಗೆ ಗೆರೆ.

ಈಗ ನಮ್ಮ ಹಳ್ಳದ ಮೀನಿನ ವಿಷಯಕ್ಕೆ ಬರ್ತೀನಿ. ಮಲೆನಾಡಿನವರಿಗೆ ಹತ್ತುಮೀನು ಅಂದ್ರೆ ವಿವರಿಸಬೇಕಿಲ್ಲ. ಹೊರಗಿನ ಗೆಳೆಯರಿಗೆ ಹೇಳ್ತೀನಿ. ಮೃಗಶಿರ ಮಳೆ ಕೂಡಿ, ಗುಡ್ಡದ ಕೆಂಪು ನೀರು ಹಳ್ಳಕ್ಕೆ ಬಿದ್ದು, ಹಳ್ಳ ಹೊಳೆಗೆ ಸೇರಿದಾಗ ಮೀನಿಗೆ ಅದೇನೋ ಸುದ್ದಿ ಮುಟ್ಟುತ್ತೆ. ಮೊಟ್ಟೆ ತುಂಬ್ಕೊಂಡು ನೀರಿನ ಎದುರಿಗೆ ಹತ್ತೋಕೆ ಶುರು ಮಾಡ್ತಾವೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ, ಗದ್ದೆಯ ಅಂಚು ಹಾರಿ ಮೇಲಿನ ಗದ್ದೆಗೆ. ಮೊಟ್ಟೆ ಇಡೋದು ಅಲ್ಲೇ, ಆ ತೆಳು ಬೆಚ್ಚನೆ ನೀರಲ್ಲಿ. ವರ್ಷದಲ್ಲಿ ಇದು ಕೆಲವೇ ದಿನ, ಒಮ್ಮೊಮ್ಮೆ ಒಂದೆರಡು ರಾತ್ರಿ.

ಆ ರಾತ್ರಿ ಯಾವುದು ಅಂತ ಗೊತ್ತಿದ್ದದ್ದು ಯಾರಿಗೆ? ಹಗಲೆಲ್ಲ ಗೊರಬು ಹೊತ್ತು ಸಸಿ ಕಿತ್ತು ನಟ್ಟಿ ಮಾಡಿದ ನಮ್ಮ ಹೆಂಗಸರಿಗೆ. ಕಾಲಿನ ಮೀನಖಂಡಕ್ಕೆ ನೀರಿನ ತಣುಪು ತಾಗಿದ್ರಲ್ಲೇ ಅವರಿಗೆ ಗೊತ್ತಾಗ್ತಿತ್ತು. ನಮ್ಮ ದೊಡ್ಡವ್ವ ಕೂಳಿ ಇಡೋ ಜಾಗ ಪ್ರತಿ ವರ್ಷ ಬದಲಾಯಿಸ್ತಿದ್ಲು. ಹಳ್ಳಕ್ಕೆ ಪೂರ್ತಿ ಅಡ್ಡ ಕಟ್ಟೋಕೆ ಬಿಡ್ತಿರಲಿಲ್ಲ, ಒಂದು ಬದಿ ಖಾಲಿ ಇರ್ಲೇಬೇಕು, "ಹತ್ತೋವು ಹತ್ಲಿ ಬಿಡು, ಬರೋ ವರ್ಷ ನಿಂಗೆ ಬ್ಯಾಡ್ವಾ" ಅಂತ. ಗಿರ್ಲು ಹಿಡಿಯುವಾಗ ಕೈ ಎಲ್ಲಿ ಇಟ್ರೆ ಮುಳ್ಳು ಚುಚ್ಚಲ್ಲ, ಕುಚ್ಚು ಮೀನು ಬೇಸಿಗೆಯಲ್ಲಿ ಯಾವ ಕೆಸರಿನ ಬಿಲದಲ್ಲಿ ಉಸಿರು ಹಿಡಿದು ಕೂತಿರುತ್ತೆ, ಹಾವುಮೀನು ಯಾವ ಕಲ್ಲಿನಡಿ ಇರುತ್ತೆ, ಏಡಿ ಯಾವ ತಿಂಗಳಲ್ಲಿ ಗಟ್ಟಿ, ಯಾವಾಗ ಟೊಳ್ಳು. ಇದು ಇಕಾಲಜಿ ಅಲ್ದೆ ಮತ್ತೇನು? ಇದನ್ನೇ ಒಬ್ಬ ವಿದ್ಯಾರ್ಥಿ ಮೂರು ಮಳೆಗಾಲ ಕೂತು ಬರೆದ್ರೆ ಪಿಎಚ್‌ಡಿ ಕೊಡ್ತೀರಿ. ಕೊಡಿ, ಬೇಡ ಅನ್ನಲ್ಲ. ದೊಡ್ಡವ್ವನಿಗೆ ಒಂದು ಸಾಲು ಕೊಡೋಕೆ ಏನಾಗಿತ್ತು?

ಈಗ ಲೆಕ್ಕ ಹಾಕಿ. ನ್ಯಾಯಮಂಡಳಿಯ ಆದೇಶ ಬಂದಿದ್ದು ಆಗಸ್ಟಲ್ಲಿ, ಗಡುವು ಜನವರಿಗೆ. ಹತ್ತುಮೀನು ಹತ್ತೋದು ಜೂನಲ್ಲಿ. ಹುತ್ತದ ಅಣಬೆ ಏಳೋದು ಗುಡುಗು ಮಳೆಗೆ. ಕಳಲೆ ಬರೋದು ಮಳೆಗಾಲದಲ್ಲಿ. ಚಗತೆ ಸೊಪ್ಪು ಎಳೆಯದಾಗಿ ಸಿಗೋದು ಮೊದಲ ಮಳೆ ಬಿದ್ದ ಮೇಲೆ. ಆ ಗಡುವಿನೊಳಗೆ ಅವಸರದಲ್ಲಿ ಬರೆದ ಪುಸ್ತಕಕ್ಕೆ ಇವು ಯಾವುವೂ ಕಾಣೋದೇ ಇಲ್ಲ. ಅಂದ್ರೆ, ಕಣ್ಣಲ್ಲಿ ನೋಡೋಕೆ ಕಾಲ ಅಲ್ಲ ಅಂದ್ಮೇಲೆ ಬಲ್ಲವರನ್ನ ಕೇಳಲೇಬೇಕಿತ್ತು. ಕಳಲೆಯನ್ನ ಎಷ್ಟು ದಿನ ನೀರಲ್ಲಿ ಹಾಕಿ, ಎಷ್ಟು ಸಲ ನೀರು ಬದಲಾಯಿಸಿದ್ರೆ ವಿಷ ಹೋಗುತ್ತೆ, ತುರಿಸೋ ಕೆಸಕ್ಕೆ ಎಷ್ಟು ಹುಳಿ ಹಾಕಬೇಕು, ಒಂದೇ ಹುತ್ತದ ಪಕ್ಕ ಎದ್ದ ಎರಡು ಅಣಬೆಯಲ್ಲಿ ಯಾವುದು ಊಟ, ಯಾವುದು ಸಾವು, ಇದನ್ನ ಹೇಳೋಕೆ ನಮ್ಮ ಕೇರಿಯಲ್ಲೂ ಪಕ್ಕದ ಹಸಲರ ಕೇರಿಯಲ್ಲೂ ಜನ ಇದ್ರು. ಇನ್ನೂ ಒಂದಿಬ್ಬರು ಇದ್ದಾರೆ. ಸಮೀಕ್ಷೆಯ ಜೀಪು ತೋಟದ ಮನೆಯ ಅಂಗಳದವರೆಗೆ ಬಂತು. ಕಾಫಿ ಆಯ್ತು. ಅಲ್ಲಿಂದ ವಾಪಸ್ ಹೋಯ್ತು.

ಎಲ್ಲಾ ಸಮೀಕ್ಷೆನೂ ಹೀಗೇ ಅಂತ ನಾನು ಹೇಳಲ್ಲ. ಪಕ್ಕದ ಶರಾವತಿ ಕಣಿವೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ವರ್ಷಗಟ್ಟಲೆ ಹೊಳೆ, ಹಳ್ಳ ಸುತ್ತಿ ಗಂಭೀರವಾಗಿ ಕೆಲಸ ಮಾಡಿದ್ದಾರೆ. ಅಲ್ಲಿ ಸಿಕ್ಕ ಕಲ್ಲುಸಂದಿಯ ಎರಡು ಪುಟ್ಟ ಮೀನುಗಳನ್ನ 2006ರಲ್ಲಿ ಜಗತ್ತಿಗೆ ಹೊಸ ಪ್ರಭೇದ ಅಂತ ಪ್ರಕಟಿಸಿದ್ರು. ಒಂದಕ್ಕೆ ಶರಾವತಿಯ ಹೆಸರು, ಇನ್ನೊಂದಕ್ಕೆ ಹೊಸನಗರ ತಾಲ್ಲೂಕಿನ ನಾಗೋಡಿಯ ಹೆಸರು: ಶಿಸ್ಟೂರ ನಾಗೋಡಿಯೆನ್ಸಿಸ್. ಅದಕ್ಕೂ ಎರಡು ವರ್ಷ ಮೊದಲು, 2004ರಲ್ಲಿ, ಬೇರೆ ಸಂಶೋಧಕರು ಇನ್ನೊಂದು ಮೀನಿಗೆ ಬಟಾಸಿಯೊ ಶರಾವತಿಯೆನ್ಸಿಸ್ ಅಂತ ಹೆಸರಿಟ್ಟಿದ್ರು. ಓದಿ ನನಗೆ ಹೆಮ್ಮೆ ಆಯ್ತು, ಸುಳ್ಳು ಹೇಳಲ್ಲ. ನಮ್ಮ ಊರಿನ ಹೆಸರು ಲ್ಯಾಟಿನ್ನಿಗೆ ಹೋಗಿ ಕೂತಿದೆ! ಜಗತ್ತಿಗೆ ಹೊಸದು ಅನ್ನೋದು ಸರಿ. ಹಳ್ಳದ ಕಲ್ಲು ಎತ್ತಿ ಏಡಿ ಹುಡುಕಿದವರಿಗೂ ಹೊಸದಾಗಿತ್ತಾ? ಅವರು ಅದನ್ನ ಏನಂತ ಕರೀತಿದ್ರು? ಆ ಹೆಸರೂ ಪಟ್ಟಿಯಲ್ಲಿ ಲ್ಯಾಟಿನ್ ಹೆಸರಿನ ಪಕ್ಕ ಕೂರಬೇಕು. ನಾನು ಕೇಳ್ತಿರೋದು ಇಷ್ಟೇ.

ಹೆಸರಿನ ವಿಷಯ ಬಂದಿದ್ದಕ್ಕೆ ಇನ್ನೊಂದು. ಅನಂತಭಟ್ಟನ ಅಪ್ಪೆ ಅನ್ನೋ ಮಿಡಿಯ ಹೆಸರು ಕೇಳದ ಮಲೆನಾಡಿಗರಿಲ್ಲ. ಉಪ್ಪಿನಕಾಯಿ ಭರಣಿಯಲ್ಲಿ ವರ್ಷಾನುಗಟ್ಟಲೆ ಕೆಡದೆ ಇರೋ ತಳಿ. ಆ ಭಟ್ಟರು ಪುಣ್ಯಾತ್ಮರೇ ಇರಬೇಕು, ಅವರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹೊಳೆಯಂಚಿನ ಆ ಮರಗಳನ್ನ ಹತ್ತಿ, ಕೊಂಬೆ ಅಲುಗದ ಹಾಗೆ, ಮಿಡಿ ನೆಲಕ್ಕೆ ಬೀಳದ ಹಾಗೆ ಕೊಯ್ದು ಇಳಿಸಿದವನ ಹೆಸರಲ್ಲಿ ಒಂದಾದ್ರೂ ಅಪ್ಪೆ ಇದೆಯಾ? ಯಾವ ಮರದ ಮಿಡಿ ಯಾವ ವಾರ ಕೊಯ್ಯಬೇಕು ಅಂತ ಮರದ ಮೇಲಿದ್ದವನಿಗೇ ತಾನೆ ಮೊದಲು ಗೊತ್ತಾಗೋದು?

ಪುಸ್ತಕದಲ್ಲಿ ನಮ್ಮ ಸುದ್ದಿ ಬರೋ ಜಾಗ ಒಂದಿದೆ. 'ಅಪಾಯಗಳು' ಅನ್ನೋ ಕಾಲಂ. ಅಲ್ಲಿ ಬರೆದಿದ್ದಾರೆ: ಸ್ಥಳೀಯರಿಂದ ಮಿತಿಮೀರಿದ ಮೀನುಗಾರಿಕೆ. ಜ್ಞಾನದ ಕಾಲಂನಲ್ಲಿ ಗೆರೆಯಾಗಿದ್ದವರು ಅಪರಾಧದ ಕಾಲಂನಲ್ಲಿ ಜನರಾಗಿಬಿಟ್ವಿ!

ಸಿಡಿಮದ್ದು ಹಾಕೋರು ಇದ್ದಾರೆ, ಬ್ಲೀಚಿಂಗ್ ಪೌಡರ್ ಸುರಿಯೋರು ಇದ್ದಾರೆ. ಅದು ಪಾಪ, ಅಪರಾಧ. ನಮ್ಮ ಹುಡುಗರೂ ಅದರಲ್ಲಿ ಇದ್ದಾರೆ, ಎಲ್ಲಾ ಜಾತಿಯ ಹುಡುಗರೂ ಇದ್ದಾರೆ, ಬರೀರಿ. ಜೊತೆಗೆ ಇದನ್ನೂ ಬರೀರಿ. ಕೊಳೆರೋಗಕ್ಕೆ ಅಡಿಕೆ ಕೊನೆಗೆ ಬೋರ್ಡೋ ಹೊಡೀತೀವಿ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆ ಹಿಡಿಯೋ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಮೈಲುತುತ್ತ ಅಂದ್ರೆ ತಾಮ್ರ, ತಾಮ್ರ ಅಂದ್ರೆ ಮೀನಿಗೆ ವಿಷ. ಮೀನು ಮೊಟ್ಟೆ ಇಡೋಕೆ ಹತ್ತೋದೂ ಅದೇ ದಿನಗಳಲ್ಲಿ. ತೋಟದ ಬಸಿಗಾಲುವೆಯ ನೀರು ಎಲ್ಲಿಗೆ ಹೋಗುತ್ತೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಹೊಡೆಯೋನೂ ನಮ್ಮ ಹುಡುಗನೇ, ಮರದ ತುದಿಯಲ್ಲಿ, ಮೂಗಿಗೆ ಒಂದು ಟವೆಲ್ ಕಟ್ಕೊಂಡು. ಇನ್ನೂ ದೊಡ್ಡದು ಗದ್ದೆ ತೋಟ ಆಗ್ತಿರೋದು. ಮೀನು ಹತ್ತಿ ಬಂದು ನೋಡಿದ್ರೆ ಗದ್ದೆಯೇ ಇಲ್ಲ, ಮಣ್ಣು ಏರಿಸಿ ಅಡಿಕೆ ಸಸಿ ನೆಟ್ಟಿದ್ದಾರೆ. ಮೊಟ್ಟೆ ಎಲ್ಲಿಡಬೇಕು ಅದು? 'ಗದ್ದೆಯಿಂದ ತೋಟಕ್ಕೆ ಪರಿವರ್ತನೆ' ಅಂತ ಅಪಾಯದ ಕಾಲಂನಲ್ಲಿ ಬರೆಯೋಕೆ ಕೈ ಬರ್ಲಿಲ್ಲ, ಯಾಕಂದ್ರೆ ಕಾಫಿ ಕೊಟ್ಟದ್ದು ತೋಟದ ಮನೆಯವರು.

ತೀರ್ಥಹಳ್ಳಿಯ ಚಿಪ್ಪಲಗುಡ್ಡೆ ಮತ್ಸ್ಯಧಾಮಕ್ಕೆ ನಾನೂ ಮಕ್ಕಳನ್ನ ಕರ್ಕೊಂಡು ಹೋಗಿದ್ದೀನಿ. ತುಂಗೆಯಲ್ಲಿ ಆ ದೊಡ್ಡ ಮೀನುಗಳು ಮಂಡಕ್ಕಿಗೆ ಬಾಯಿ ತೆಗೆಯೋದು ನೋಡೋಕೆ ಚೆಂದ. ಉಳೀಲಿ ಅವು. ಆದರೆ ದೇವರ ಮೀನು ಅಂತ ಕೈಮುಗಿದ ಮೀನು ಮಾತ್ರ ಉಳಿದು, ಗದ್ದೆಯ ಮೀನು, ಹಳ್ಳದ ಮೀನು, ಬಡವರ ಸಾರಿನ ಮೀನು ಲೆಕ್ಕಕ್ಕೇ ಇಲ್ಲದೆ ಹೋದ್ರೆ ಅದನ್ನ ಸಂರಕ್ಷಣೆ ಅಂತ ನಾನು ಕರೆಯಲ್ಲ.

ಈಗ ನಮ್ಮವರೇ ಕೇಳೋ ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ ಅದು ಹೆಚ್ಚು ನೋವಿನದ್ದು. ಡಿಗ್ರಿ ಓದ್ತಿರೋ ನನ್ನ ಅಕ್ಕನ ಮಗ ಹೇಳಿದ: "ಮಾವ, ಏಡಿ ಹಿಡಿದದ್ದು, ಕೂಳಿ ಹಾಕಿದ್ದು ಮರೆಯೋಕೆ ನಾವು ಓದ್ತಿರೋದು. ನೀವು ಅದನ್ನೇ ಪುಸ್ತಕದಲ್ಲಿ ಬರೆಸೋಕೆ ಹೊರಟಿದ್ದೀರಲ್ಲ." ಅವನ ಸಿಟ್ಟು ನನಗೆ ಅರ್ಥ ಆಗುತ್ತೆ. ನಾವು ಹಳ್ಳದ ಏಡಿ ತಿಂದದ್ದು ಪ್ರಕೃತಿ ಪ್ರೇಮಕ್ಕಲ್ಲ. ಗದ್ದೆ ನಮ್ಮದಾಗಿರಲಿಲ್ಲ, ಅದಕ್ಕೆ. ಕಾಗೋಡು ಚಳವಳಿ ನಡೆದ ನೆಲ ಇದು, 1951ರಲ್ಲಿ. 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಬಂದು ಗೇಣಿದಾರನಿಗೆ ಭೂಮಿ ಸಿಕ್ತು, ಒಳ್ಳೇದಾಯ್ತು. ಗೇಣಿಯೂ ಇಲ್ಲದೆ ಬರೀ ಕೂಲಿಗೆ ಹೋಗ್ತಿದ್ದವನಿಗೆ ಡಿಕ್ಲರೇಶನ್ ಕೊಡೋಕೆ ಏನಿತ್ತು? ಹಾಗಾಗಿ ಯಾರಾದ್ರೂ ಬಂದು "ಆಹಾ, ದಲಿತರ ಆಹಾರ ಸಂಸ್ಕೃತಿ" ಅಂತ ಕ್ಯಾಮೆರಾ ಹಿಡಿದ್ರೆ ನನಗೂ ಮೈ ಉರಿಯುತ್ತೆ. ಹಸಿವನ್ನ ಹಬ್ಬ ಮಾಡಬೇಡಿ.

ಆದ್ರೆ ಮಗಾ, ಹಸಿವಿನಲ್ಲಿ ಕಲಿತದ್ದೂ ಕಲಿಕೆಯೇ. ನೀನು ಹಳ್ಳಕ್ಕೆ ಹೋಗೋದು ಬೇಡ, ಎಂಎಸ್ಸಿ ಮಾಡು, ಮೀನಿನ ಮೇಲೇ ಮಾಡು ಬೇಕಾದ್ರೆ. ಅಜ್ಜಿಗೆ ಗೊತ್ತಿದ್ದದ್ದಕ್ಕೆ ಬೇರೆ ಯಾರೋ ಸಹಿ ಹಾಕೋದನ್ನ ಮಾತ್ರ ಸುಮ್ಮನೆ ನೋಡ್ಬೇಡ.

ಯಾಕಂದ್ರೆ ಇದರ ಹಿಂದೆ ದುಡ್ಡಿದೆ, ಹಕ್ಕಿದೆ. ಕಂಪನಿ ಯಾವುದಾದ್ರೂ ನಮ್ಮ ಕಾಡಿನ ಉತ್ಪನ್ನವನ್ನ ಅಥವಾ ಅದರ ತಿಳಿವಳಿಕೆಯನ್ನ ವ್ಯಾಪಾರಕ್ಕೆ ಬಳಸಿದ್ರೆ ಲಾಭದಲ್ಲಿ ಪಾಲು ಕೊಡಬೇಕು ಅನ್ನೋದು ಈ ಕಾಯ್ದೆಯ ಜೀವ. 2014ರ ಮಾರ್ಗಸೂಚಿ ಪ್ರಕಾರ ಬಂದ ಹಣದಲ್ಲಿ ಶೇ. 95 ಸಮಿತಿಗೆ ಅಥವಾ ಹಕ್ಕುದಾರರಿಗೆ ಹೋಗಬೇಕಿತ್ತು. ಹಕ್ಕುದಾರ ಯಾರು ಅಂತ ತೋರಿಸೋದು ಯಾವುದರಿಂದ? ಇದೇ ಪುಸ್ತಕದಿಂದ. ಅಲ್ಲಿ 'ಸ್ಥಳೀಯರು' ಅಂತ ಇದ್ರೆ ಹಕ್ಕುದಾರನೇ ಇಲ್ಲ. ದೇಶದೊಳಗಿನ ಕಂಪನಿಯೂ ಪಾಲು ಕೊಡಲೇಬೇಕು ಅಂತ 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ದಿವ್ಯ ಫಾರ್ಮಸಿ ಪ್ರಕರಣದಲ್ಲಿ ಹೇಳಿತು. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು, 'ಗ್ರಂಥಸ್ಥ' ಸಾಂಪ್ರದಾಯಿಕ ಜ್ಞಾನಕ್ಕೆ ವಿನಾಯಿತಿ ಸಿಕ್ತು. ಅಂದ್ರೆ ಗ್ರಂಥದಲ್ಲಿ ಬರೆದಿದ್ರೆ ಯಾರಿಗೂ ಪಾಲು ಕೊಡಬೇಕಿಲ್ಲ. ಬಾಯಲ್ಲಿ ಉಳಿದಿದ್ರೆ ಕೊಡಬೇಕು, ಆದ್ರೆ ಆ ಬಾಯಿ ಯಾರದು ಅಂತ ಯಾರೂ ಬರೆದಿಲ್ಲ. ಓದು ಬರಹ ಯಾರಿಗೆ ಕೊಟ್ಟಿದ್ರು, ಯಾರಿಗೆ ಕೊಟ್ಟಿರಲಿಲ್ಲ ಅನ್ನೋದನ್ನ ಆ ಹಿರಿಯರಿಗೆ ನಾನು ಮತ್ತೆ ಹೇಳಬೇಕಾ?

ಕಾಗದ ಇದ್ದವನಿಗೆ ಕಾಡು ಅನ್ನೋದು ಹೊಸದೇನಲ್ಲ. 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ತೆಗೆದು ನೋಡಿ, ಸೊಪ್ಪಿನಬೆಟ್ಟದ ಸವಲತ್ತು ಇದೆ. ಸೊಪ್ಪು ಕಡಿದವರು, ಹೊತ್ತವರು, ಕೊಟ್ಟಿಗೆಗೆ ಹಾಕಿದವರು ನಾವು. ಸವಲತ್ತು ತೋಟದ ಖಾತೆಗೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ, ಅಂದ್ರೆ 75 ವರ್ಷದ ಪುರಾವೆ ಕೊಡಬೇಕು. ಕಾಡನ್ನ ದಿನಾ ಬಳಸಿದ ದಲಿತನ ಹತ್ರ ಯಾವ ಪುರಾವೆ ಇದೆ? ಸರ್ಕಾರವೇ ಬರೆಸಿದ ಪುಸ್ತಕದಲ್ಲಿ ಇಂಥ ಕೇರಿಯವರು ಇಂಥ ಹಳ್ಳದಲ್ಲಿ ತಲೆಮಾರಿನಿಂದ ಮೀನು ಹಿಡೀತಾರೆ ಅಂತ ಒಂದು ಸಾಲು ಇದ್ದಿದ್ರೆ, ನಾಳೆ ಅಣೆಕಟ್ಟೋ ಮತ್ತೊಂದೋ ಬಂದಾಗ ತೋರಿಸೋಕೆ ಒಂದು ಹಾಳೆಯಾದ್ರೂ ಇರ್ತಿತ್ತು. ಶರಾವತಿಯಲ್ಲಿ 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ಗಲಾಟೆ ನಡೀತಾನೇ ಇದೆ, ನಾನು ಗಾಳಿಯಲ್ಲಿ ಮಾತಾಡ್ತಿಲ್ಲ.

ಕೊನೆಗೊಂದು ಗುಮಾಸ್ತನ ಲೆಕ್ಕ. 2004ರ ನಿಯಮ 22ರಲ್ಲಿ ಸಮಿತಿಗೆ ಒಬ್ಬ ಅಧ್ಯಕ್ಷ, ಆರು ಜನ ಮೀರದಂತೆ ಸದಸ್ಯರು ಅಂತ ಇತ್ತು. ಅವರಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರು, ಶೇ. 18ಕ್ಕೆ ಕಡಿಮೆಯಿಲ್ಲದಂತೆ ಪರಿಶಿಷ್ಟ ಜಾತಿ, ಪಂಗಡದವರು ಇರಬೇಕಿತ್ತು. ಆರರಲ್ಲಿ ಶೇ. 18 ಅಂದ್ರೆ 1.08. ನಾನು ನೋಡಿದ ಸಮಿತಿಯಲ್ಲಿ ಆರು ಸದಸ್ಯರಿಗೆ ನಮ್ಮವರು ಒಬ್ಬರೇ. ಆರಕ್ಕೆ ಒಂದು ಅಂದ್ರೆ ಶೇ. 16.67. 'ಕಡಿಮೆಯಿಲ್ಲದಂತೆ' ಅಂದ ಮೇಲೆ ಇದು ಕಡಿಮೆಯೇ, ಇಬ್ಬರು ಇರಲೇಬೇಕಿತ್ತು. ನಮ್ಮ ವಿಷಯ ಬಂದಾಗ ಮಾತ್ರ ದಶಾಂಶ ಕೆಳಕ್ಕೆ ಉರುಳುತ್ತೆ, ನೀವೂ ಗಮನಿಸಿರ್ತೀರಿ. ಆ ಒಬ್ಬರು ಒಬ್ಬ ಹೆಣ್ಣುಮಗಳು. ನಾನು ಹೋಗಿ ಕೇಳಿದೆ. "ಸಮಿತಿಯಾ? ಯಾವ್ದಣ್ಣ? ಸಹಿ ಹಾಕ್ಸ್ಕೊಂಡು ಹೋಗಿದ್ರು, ರೇಷನ್ ಕಾರ್ಡಿಂದು ಅನ್ಕೊಂಡಿದ್ದೆ" ಅಂದ್ರು.

ಹಾಗಾಗಿ ಗೆಳೆಯರೇ, ತೀರ್ಥಹಳ್ಳಿ, ಹೊಸನಗರ, ಸಾಗರ ಮೂರೂ ತಾಲ್ಲೂಕಿನವರು ನಿಮ್ಮ ನಿಮ್ಮ ಪಂಚಾಯ್ತಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಮೂರು ವಿಷಯ ಕೇಳಿ: ದಾಖಲಾತಿಯ ಪೂರ್ತಿ ನಕಲು, ಸಮಿತಿ ಸದಸ್ಯರ ಹೆಸರು ಮತ್ತು ವರ್ಗ, ಯಾವ ತಾರೀಖು ಯಾವ ಕೇರಿಯಲ್ಲಿ ಸಭೆ ಮಾಡಿದ್ರು ಅನ್ನೋ ನಡಾವಳಿ. ನಕಲು ಬಂದ ಮೇಲೆ ಗ್ರಾಮಸಭೆಯಲ್ಲಿ ಪುಸ್ತಕ ಪರಿಷ್ಕರಿಸಿ ಅಂತ ಠರಾವು ಮಾಡಿಸಿ. ಮಳೆಗಾಲ ಪೂರ್ತಿ ಸೇರಿಸಿ ಬರೀಬೇಕು. ಹಳ್ಳ ತೋರಿಸೋಕೆ, ಸೊಪ್ಪು ಗುರುತಿಸೋಕೆ ಬರೋ ಹೆಂಗಸರಿಗೆ ದಿನದ ಕೂಲಿ ಕೊಡಬೇಕು, ಫೋಟೋ ತೆಗೆದು ಚಾ ಕುಡಿಸಿ ಕಳಿಸೋದಲ್ಲ. ಹೇಳಿದವರು ಒಪ್ಪಿದ್ರೆ ಅವರ ಹೆಸರು ಬರೀಬೇಕು. ಒಪ್ಪದಿದ್ರೆ, ಇದು ಹೊರಗೆ ಹೇಳೋ ಮದ್ದಲ್ಲ ಅಂದ್ರೆ, ಅದನ್ನ ಬರೆಯೋ ಹಾಗಿಲ್ಲ.

ಅರ್ಜಿಯ ನಮೂನೆ ಟೈಪ್ ಮಾಡಿಟ್ಟಿದ್ದೀನಿ, ಬೇಕಾದವರು ಕೇಳಿ, ಕಳಿಸ್ತೀನಿ. ಕೋಣಂದೂರು ಕಡೆಯವರು ಸಂತೆಯ ಹೊತ್ತಿಗೆ ಸಿಕ್ರೆ ಕೂತು ಬರೆದುಕೊಡ್ತೀನಿ. ಮೃಗಶಿರ ಹತ್ರ ಬಂತು, ಬೇಗ ಮಾಡಿ.

ಜೈ ಭೀಮ್.